ಓದಿ ತೋರಿಸು

ಮಗಳ ಶಾಲೆಯ ಡೈರಿಯಲ್ಲಿ ಆ ಸಂಜೆ ಒಂದೇ ಸಾಲಿತ್ತು: ‘ಓದಲು ಬರುವುದಿಲ್ಲ, ಮನೆಯಲ್ಲಿ ಅಭ್ಯಾಸ ಮಾಡಿಸಿ.’

ಹಿಂದಿನ ರಾತ್ರಿಯಷ್ಟೇ ನಾನು ಒಂದು ಚೀಟಿಯಲ್ಲಿ ‘ಅಪ್ಪನ ಕನ್ನಡಕ ಅಡಗಿಸು’ ಎಂದು ಬರೆದು ಅವಳ ಕೈಗೆ ಕೊಟ್ಟಿದ್ದೆ. ಚೀಟಿಯನ್ನು ಮೊಣಕಾಲ ಮೇಲೆ ಹರವಿಕೊಂಡು ಒಂದೊಂದೇ ಅಕ್ಷರದ ಕೆಳಗೆ ಬೆರಳು ಸರಿಸಿದಳು. ‘ಅಡಗಿಸು’ ಬಂದಾಗ ಬೆರಳು ನಿಂತಿತು. ಮತ್ತೆ ಮೊದಲಿನಿಂದ ಬಂದಳು. ಇದ್ದಕ್ಕಿದ್ದಂತೆ ಕಿಲಕಿಲ ನಕ್ಕು, ನನ್ನ ಮುಖದ ಮೇಲಿನ ಕನ್ನಡಕ ಕಿತ್ತುಕೊಂಡು ಓಡಿದಳು. ಅದು ದಿಂಬಿನ ಕವರಿನೊಳಗೆ ಸಿಕ್ಕಿದ್ದು ಮಲಗುವ ಹೊತ್ತಿಗೆ. ಅಷ್ಟು ಹೊತ್ತಿನಲ್ಲಿ ಆರು ವರ್ಷದ ಆ ಹುಡುಗಿಯ ಬಾಯಿಂದ ನಗು ಬಿಟ್ಟರೆ ಒಂದು ಶಬ್ದವೂ ಹೊರಟಿರಲಿಲ್ಲ.

ಡೈರಿ ನೋಡಿ ನನಗೆ ಸಿಟ್ಟು ಬಂದಿದ್ದು ನಿಜ. ಮರುದಿನ ಟೀಚರ್ ಎದುರು ಕೂತಾಗ ಅವರು ಸಮಾಧಾನವಾಗಿಯೇ ಕೇಳಿದರು: “ಸರ್, ಅವಳು ಬಾಯಿ ಬಿಟ್ಟು ಓದದೆ, ಅವಳಿಗೆ ಓದೋಕೆ ಬರುತ್ತೆ ಅಂತ ನಾನು ಹೇಗೆ ತಿಳ್ಕೊಳ್ಳಲಿ?” ಆ ಪ್ರಶ್ನೆಯಲ್ಲಿ ಉಡಾಫೆ ಇರಲಿಲ್ಲ. ಆ ಹೊತ್ತಿಗೆ ಎರಡು ವರ್ಷದಿಂದ ನಾನೂ ನನ್ನ ಹೆಂಡತಿಯೂ ಬೇರೆ ಬೇರೆ ರೀತಿಯಲ್ಲಿ ಕೇಳಿಕೊಳ್ಳುತ್ತಿದ್ದದ್ದು ಅದನ್ನೇ. ಅಂದು ಅವರಿಗೆ ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಪೂರ್ತಿಯಾಗಿ ಹೇಳಬೇಕೆಂದು ಈಗ ಬರೆಯುತ್ತಿದ್ದೇನೆ. ಇಂಥದೇ ಮಗುವಿನ ಪಕ್ಕ ಕೂತಿರುವ ಯಾರಿಗಾದರೂ ಇದರಲ್ಲಿ ಒಂದೆರಡು ಸಂಗತಿ ಕೆಲಸಕ್ಕೆ ಬಂದೀತು.

ಮಗಳಿಗಿರುವುದು ಚೈಲ್ಡ್‌ಹುಡ್ ಅಪ್ರಾಕ್ಸಿಯಾ ಆಫ್ ಸ್ಪೀಚ್. ಸಾವಿರ ಮಕ್ಕಳಲ್ಲಿ ಒಬ್ಬಿಬ್ಬರಿಗೆ ಇರುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ನಾಲಗೆ, ತುಟಿ, ದವಡೆಗಳಲ್ಲಿ ಬಲಕ್ಕೇನೂ ಕೊರತೆಯಿಲ್ಲ. ಅವಳು ಗುಳ್ಳೆ ಊದುತ್ತಾಳೆ, ತುಟಿ ಸವರುತ್ತಾಳೆ, ನಾಲಗೆ ಚಾಚಿ ಅಣಕಿಸುತ್ತಾಳೆ. ತೊಡಕಿರುವುದು ಮಿದುಳು ಆ ಅಂಗಗಳಿಗೆ ‘ಮೊದಲು ಇದು, ತಕ್ಷಣ ಅದು, ಆಮೇಲೆ ಇದು’ ಎಂದು ಚಲನೆಯ ಸರಣಿಯನ್ನು ಹೊಂದಿಸಿ ಕಳಿಸುವಲ್ಲಿ. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2007ರ ವರದಿಯಲ್ಲಿ ಇದರ ಮೂರು ಚಹರೆಗಳನ್ನು ಗುರುತಿಸಿತು. ಒಂದೇ ಪದವನ್ನು ಮತ್ತೆ ಮತ್ತೆ ಹೇಳಿಸಿದಾಗ ತಪ್ಪು ಪ್ರತಿ ಸಲ ಬೇರೆಯಾಗುವುದು, ಒಂದು ಧ್ವನಿಯಿಂದ ಇನ್ನೊಂದಕ್ಕೆ ದಾಟುವಾಗ ಎಳೆದಂತೆ, ಕಡಿದಂತೆ ಆಗುವುದು, ಮಾತಿನ ಏರಿಳಿತ ಸರಿಹೋಗದಿರುವುದು. ಇವುಗಳಲ್ಲಿ ಮೊದಲನೆಯದನ್ನು ನಾನು ದಿನವೂ ಕೇಳುತ್ತೇನೆ. ‘ಪುಸ್ತಕ’ ಹೇಳಲು ಹೊರಟರೆ ಮೊದಲ ಸಲ ‘ಪುತ’, ಎರಡನೇ ಸಲ ‘ತುಕಾ’, ಮೂರನೇ ಸಲ ‘ಬುಟ’. ಮೂರನೆಯದರ ಹೊತ್ತಿಗೆ ಕಣ್ಣು ತುಂಬಿರುತ್ತದೆ. ತಾನು ಹೇಳಬೇಕೆಂದದ್ದು ಇದಲ್ಲ ಎಂದು ಅವಳ ಕಿವಿಗೆ ಗೊತ್ತು.

ಆ ಕಣ್ಣೀರಿನ ಅರ್ಥ ಏನೆಂದು ನನಗೆ ಬಹಳ ದಿನ ಹೊಳೆಯಲಿಲ್ಲ. ತಪ್ಪಾಯಿತು ಎಂದು ಅವಳಿಗೆ ಗೊತ್ತಾಗಬೇಕಾದರೆ ಸರಿಯಾದದ್ದು ಯಾವುದು ಎಂಬುದು ಒಳಗೆಲ್ಲೋ ಇರಲೇಬೇಕಲ್ಲ. ‘ಪುಸ್ತಕ’ ಎಂಬ ಪದ ಅವಳ ತಲೆಯಲ್ಲಿ ಇತ್ತು. ಬಾಯಿಗೆ ಬರುವ ದಾರಿ ಮಾತ್ರ ಕಟ್ಟಿಕೊಂಡಿತ್ತು.

ಅವಳಿಗೆ ನಾಲ್ಕೂವರೆ ತುಂಬಿದಾಗ ಅಕ್ಷರ ಶುರುಮಾಡೋಣ ಎಂದೆ. ಮನೆಯಲ್ಲಿ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. “ಮಾತೇ ಬಾರದ ಮಗೂಗೆ ಅಕ್ಷರ ಯಾಕೋ ಈಗಲೇ? ಮೊದಲು ಮಾತು ಬರಲಿ, ಆಮೇಲೆ ಓದು ತಾನಾಗಿ ಬರುತ್ತೆ” ಎಂದಳು ನನ್ನ ಅಮ್ಮ. ಪ್ರೀತಿಯಿಂದ, ಮಗುವಿನ ಮೇಲೆ ಹೊರೆ ಬೀಳದಿರಲಿ ಎಂದು ಹೇಳಿದ ಮಾತು. ಆದರೂ ಅದು ತಪ್ಪು ಎಂದು ಈಗ ಖಚಿತವಾಗಿ ಹೇಳಬಲ್ಲೆ. ಮಾತು ಬರುವವರೆಗೆ ಕಾಯುತ್ತಾ ಕೂತಿದ್ದರೆ ಅವಳು ಮಾತನ್ನೂ ಕಾಯುತ್ತಿದ್ದಳು, ಓದನ್ನೂ ಕಾಯುತ್ತಿದ್ದಳು.

ಅಮ್ಮನ ಮಾತಿನ ಹಿಂದೆ ನಮ್ಮೆಲ್ಲರ ತಲೆಯಲ್ಲೂ ಇರುವ ಒಂದು ನಂಬಿಕೆಯಿದೆ. ಓದು ಎಂದರೆ ಬಾಯಲ್ಲಿ ನಡೆಯುವ ಕೆಲಸ. ನಮ್ಮ ಭಾಷೆಯೂ ಹಾಗೇ ಹೇಳುತ್ತದೆ. ‘ಓದು’ ಎಂಬ ಪದಕ್ಕೆ ಗಟ್ಟಿಯಾಗಿ ಹೇಳು, ಪಠಿಸು ಎಂಬ ಅರ್ಥ ಹಳೆಯದು. ತಮಿಳಿನಲ್ಲಿ ಅದೇ ಪದಕ್ಕೆ ಇವತ್ತಿಗೂ ಪಠಿಸುವುದು ಎಂಬ ಅರ್ಥ ಉಳಿದಿದೆ. ಮಗುವಿನ ಕೈಗೆ ಪುಸ್ತಕ ಕೊಟ್ಟು ನಾವು ಎರಡು ಬಗೆಯಲ್ಲಿ ಹೇಳುತ್ತೇವೆ: ‘ಓದಿ ಹೇಳು’, ‘ಓದಿ ತೋರಿಸು’. ಎರಡಕ್ಕೂ ನಾವು ನಿರೀಕ್ಷಿಸುವುದು ಒಂದೇ, ಬಾಯಿಂದ ಹೊರಡುವ ಸದ್ದು. ಎರಡನೆಯದರಲ್ಲಿ ಇರುವ ಕ್ರಿಯಾಪದ ‘ತೋರಿಸು’. ತೋರಿಸುವುದಕ್ಕೆ ಬಾಯಿಯೇ ಬೇಕೆಂದಿಲ್ಲ, ಬೆರಳಿದೆ, ಕಣ್ಣಿದೆ, ಇಡೀ ಮೈಯಿದೆ. ಇಷ್ಟು ಸರಳವಾದ ಮಾತು ನನಗೆ ಅರ್ಥವಾದದ್ದು ತಡವಾಗಿ.

ಬಾಯಿಗೆ ಬಾರದ ಪದವನ್ನು ಮನಸ್ಸಿನೊಳಗೆ ಉಚ್ಚರಿಸಿಕೊಳ್ಳಲು ಆಗುತ್ತದೆಯೇ? ನನಗೆ ಇದ್ದ ದೊಡ್ಡ ಅನುಮಾನ ಇದು. ಯಾಕೆಂದರೆ ಹೊಸ ಪದವೊಂದನ್ನು ಓದುವಾಗ ಅಕ್ಷರಗಳನ್ನು ಧ್ವನಿಯಾಗಿಸಿ ಒಳಗೇ ಕೂಡಿಸಿಕೊಳ್ಳಬೇಕು. ಉತ್ತರ ನನಗೆ ಸಿಕ್ಕಿದ್ದು 1989ರ ಒಂದು ಅಧ್ಯಯನದಲ್ಲಿ. ಡೊರೊಥಿ ಬಿಷಪ್ ಮತ್ತು ರಾಬ್ಸನ್, ಮಿದುಳಿನ ಹಾನಿಯಿಂದ ಮೈಯ ಚಲನೆಗಳ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿಯಿಂದಾಗಿ ಹುಟ್ಟಿದಾಗಿನಿಂದ ಒಂದು ಮಾತೂ ಆಡದವರನ್ನು ಪರೀಕ್ಷಿಸಿದ್ದರು. ಪದಗಳನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುವುದರಲ್ಲಿ, ಯಾವ ಪದಕ್ಕೆ ಯಾವುದು ಪ್ರಾಸವಾಗುತ್ತದೆ ಎಂದು ಗುರುತಿಸುವುದರಲ್ಲಿ ಅವರು ಹಿಂದೆ ಬಿದ್ದಿರಲಿಲ್ಲ. ಎಂದೂ ಮಾತಾಡದವರ ಒಳಗೂ ಧ್ವನಿ ಇರುತ್ತದೆ. ಆ ವಾಕ್ಯದ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ.

ಅಂದಮೇಲೆ ಎಲ್ಲ ಸುಲಭ ಎಂದು ಯಾರೂ ತಿಳಿಯಬಾರದು. ಅಪ್ರಾಕ್ಸಿಯಾ ಇರುವ ಮಕ್ಕಳನ್ನು ಶಾಲೆಯ ವಯಸ್ಸಿನವರೆಗೆ ಗಮನಿಸಿದ ಬಾರ್ಬರಾ ಲೂಯಿಸ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತು ಸುಧಾರಿಸಿದ ಮೇಲೂ ಓದು, ಕಾಗುಣಿತಗಳ ತೊಂದರೆ ಉಳಿದುಕೊಂಡದ್ದು ಕಂಡಿದೆ. ಈ ಮಕ್ಕಳಲ್ಲಿ ಹಲವರಿಗೆ ಧ್ವನಿಗಳ ಒಳಚಿತ್ರವೇ ಸ್ವಲ್ಪ ಮಸುಕಾಗಿರುತ್ತದೆ. ನಾವು ಪದವನ್ನು ನೂರು ಸಲ ಬಾಯಲ್ಲಿ ಆಡಿಸಿ ಅದರ ಅಂಚುಗಳನ್ನು ಗಟ್ಟಿಮಾಡಿಕೊಂಡಿರುತ್ತೇವೆ, ಅವರಿಗೆ ಆ ಅವಕಾಶ ಸಿಕ್ಕಿರುವುದಿಲ್ಲ. ಆದ್ದರಿಂದ ಓದು ತಾನಾಗಿ ಬಂದೀತು ಎಂದು ಬಿಡುವ ಹಾಗಿಲ್ಲ. ಧ್ವನಿಯ ಪಾಠವನ್ನು ಬಿಡಿಸಿ ಬಿಡಿಸಿ, ಉಳಿದ ಮಕ್ಕಳಿಗಿಂತ ಹೆಚ್ಚೇ ಮಾಡಿಸಬೇಕು. ಉತ್ತರವನ್ನು ಮಾತ್ರ ಬಾಯಿಂದ ಕೇಳಬಾರದು.

ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಲೈಟ್ ಮತ್ತು ಡೇವಿಡ್ ಮೆಕ್‌ನಾಟನ್ ಮಾತು ಬಾರದ ಮಕ್ಕಳಿಗೆಂದೇ ಓದಿನ ಪಾಠಕ್ರಮವೊಂದನ್ನು ರೂಪಿಸಿದ್ದಾರೆ. ಅದರ ಒಂದು ಪಾಠವನ್ನು ನಮ್ಮ ಸ್ಪೀಚ್ ಥೆರಪಿಸ್ಟ್ ಕನ್ನಡಕ್ಕೆ ಒಗ್ಗಿಸಿ ಕೊಟ್ಟರು. ನಾಲ್ಕು ಚಿತ್ರಗಳನ್ನು ಮಗುವಿನ ಮುಂದಿಡುವುದು. ದೊಡ್ಡವರು ಪದವನ್ನು ಬಿಡಿಸಿ ಹೇಳುವುದು: “ಮ… ರ.” ಮಗು ಅದನ್ನು ಮನಸ್ಸಿನಲ್ಲಿ ಕೂಡಿಸಿಕೊಂಡು ಚಿತ್ರದ ಮೇಲೆ ಕೈಯಿಡಬೇಕು. ಮೊದಮೊದಲು ಎರಡು ಅಕ್ಷರಗಳ ನಡುವೆ ಇದೆಯೋ ಇಲ್ಲವೋ ಎನ್ನುವಷ್ಟು ಅಂತರ, ದಿನ ಕಳೆದಂತೆ ಒಂದು ಸೆಕೆಂಡು. ಎಳೆದು ಹೇಳಲು ಆಗುವ ಧ್ವನಿಗಳಿಂದ, ಅಂದರೆ ಮ, ಸ, ನ, ಲ ಇಂಥವುಗಳಿಂದ ಶುರುಮಾಡಿದೆವು. ಕ, ಪ, ಟಗಳನ್ನು ಎಳೆಯಲು ಬರುವುದಿಲ್ಲ, ಅವು ಆಮೇಲೆ.

ಜಾಣತನ ಬೇಕಾಗುವುದು ಉಳಿದ ಮೂರು ಚಿತ್ರಗಳನ್ನು ಆರಿಸುವಾಗ. ಕೇಳುವ ಪದ ‘ಮರ’ ಎಂದಿಟ್ಟುಕೊಳ್ಳಿ. ಪಕ್ಕದಲ್ಲಿ ಹುಲಿ, ಗಡಿಯಾರ, ಚೆಂಡು ಇಟ್ಟರೆ ಮಗು ಮರದ ಮೇಲೆ ಕೈಯಿಟ್ಟಿತು ಎಂಬುದರಿಂದ ನಮಗೆ ತಿಳಿಯುವುದು ತೀರಾ ಕಡಿಮೆ. ‘ಮ’ ಕೇಳುತ್ತಿದ್ದಂತೆಯೇ ಉಳಿದದ್ದು ಊಹೆ. ಅದರ ಬದಲು ಮರ, ಮನೆ, ಸರ, ಹುಲಿ ಇಟ್ಟು ನೋಡಿ. ಮಗು ಮನೆಯ ಮೇಲೆ ಕೈಯಿಟ್ಟರೆ ಮೊದಲ ಅಕ್ಷರವನ್ನಷ್ಟೇ ಹಿಡಿದುಕೊಳ್ಳುತ್ತಿದೆ ಎಂದರ್ಥ. ಸರದ ಮೇಲೆ ಕೈಯಿಟ್ಟರೆ ಕೊನೆಯ ಅಕ್ಷರ ಮಾತ್ರ ಉಳಿಯುತ್ತಿದೆ. ಹುಲಿಯಾದರೆ ಇವತ್ತಿಗೆ ಪಾಠ ಸಾಕು, ಮಗು ದಣಿದಿದೆ. ತಪ್ಪು ಉತ್ತರವೇ ಮುಂದಿನ ಪಾಠ ಯಾವುದೆಂದು ಹೇಳಿಬಿಡುತ್ತದೆ. ಬಾಯಿಂದ ಓದುವ ಮಗುವಿನ ತಪ್ಪಿನಿಂದ ಟೀಚರಿಗೆ ಸಿಗುವುದೂ ಇದೇ ಮಾಹಿತಿ ತಾನೇ? ನಾವು ಅದನ್ನು ಚಿತ್ರಗಳಿಂದ ಪಡೆಯಬೇಕು, ಅಷ್ಟೇ.

ಅಕ್ಷರಗಳು ಬಂದ ಮೇಲೆ ಇದೇ ಆಟವನ್ನು ಬರೆದ ಪದದೊಂದಿಗೆ ಆಡಿದೆವು. ಒಂದು ಕಾರ್ಡಿನಲ್ಲಿ ‘ಕಾಲು’ ಎಂಬ ಬರಹ, ಎದುರಿಗೆ ಕಾಲು, ಕೋಲು, ಕಲ್ಲು, ಹಲ್ಲು ಈ ನಾಲ್ಕರ ಚಿತ್ರ. ಇಲ್ಲಿ ಊಹೆ ನಡೆಯುವುದಿಲ್ಲ. ಇಳಿಯನ್ನೂ ನೋಡಬೇಕು, ಒತ್ತಕ್ಷರ ಇದೆಯೋ ಇಲ್ಲವೋ ನೋಡಬೇಕು, ಮೊದಲ ಅಕ್ಷರವನ್ನೂ ಬಿಡುವಂತಿಲ್ಲ. ನಾಲ್ಕು ಪದಗಳನ್ನು ಹೀಗೆ ಒಟ್ಟು ಹಾಕಲು ನಾನೂ ನನ್ನ ಹೆಂಡತಿಯೂ ಎಷ್ಟೋ ರಾತ್ರಿ ಪದಗಳನ್ನು ಹುಡುಕುತ್ತಾ ಕೂತಿದ್ದುಂಟು. ಬಳೆ, ಮಳೆ, ಹೊಳೆ ಸಿಕ್ಕಿದ ರಾತ್ರಿ ಇಬ್ಬರಿಗೂ ಹಬ್ಬ.

ಲೆಕ್ಕವನ್ನೂ ಇಟ್ಟೆವು. ನಾಲ್ಕು ಚಿತ್ರ, ಹನ್ನೆರಡು ಸಲ ಕೇಳಿದರೆ ಕಣ್ಣು ಮುಚ್ಚಿ ಕೈಯಿಟ್ಟರೂ ಸರಾಸರಿ ಮೂರು ಸರಿಯಾಗುತ್ತವೆ. ಮೊದಲ ದಿನ ಅವಳದು ಐದು. ಎರಡು ತಿಂಗಳಿಗೆ ಹತ್ತಕ್ಕೆ ಮುಟ್ಟಿತು. ನಾನು ಎಲ್ಲರಿಗೂ ಫೋನ್ ಮಾಡಿ ಹೇಳಿದೆ.

ಆಮೇಲೆ ಒಂದು ದಿನ ನನ್ನ ಹೆಂಡತಿ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದವಳು, “ನೀವು ಸರಿಯಾದ ಕಾರ್ಡನ್ನೇ ನೋಡ್ತಿದ್ದೀರಿ. ಅವಳು ನಿಮ್ಮ ಕಣ್ಣು ನೋಡ್ತಿದ್ದಾಳೆ” ಎಂದಳು. ನಾನು ಒಪ್ಪಲಿಲ್ಲ. ಪರೀಕ್ಷಿಸಿಯೇ ಬಿಡೋಣ ಎಂದು ಅವಳು ಕಾರ್ಡುಗಳನ್ನು ಕಲಸಿ ಮಗಳ ಮುಂದೆ ಇಟ್ಟು ಪಕ್ಕಕ್ಕೆ ಸರಿದಳು. ನಾನು ಮಗಳ ಬೆನ್ನ ಹಿಂದೆ ಗೋಡೆಗೆ ಮುಖ ಮಾಡಿ ಕೂತು ಪದ ಹೇಳಿದೆ. ಹತ್ತು ಇದ್ದದ್ದು ಆರಕ್ಕೆ ಇಳಿಯಿತು. ಅವತ್ತು ನನಗೆ ಊಟ ಸೇರಲಿಲ್ಲ. ಮೋಸ ಮಾಡಬೇಕೆಂದು ಮಾಡಿದ್ದಲ್ಲ, ನೋಡುತ್ತಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮಾತಿನಿಂದ ಹೇಳಲಾಗದ ಮಗು ಎದುರಿನವರ ಮುಖ ಓದುವುದರಲ್ಲಿ ಪಳಗಿರುತ್ತದೆ. ಹುಬ್ಬು, ಉಸಿರು, ತುಟಿಯಂಚಿನ ನಗು ಎಲ್ಲವೂ ಅದಕ್ಕೆ ಸುಳಿವು. ಅವತ್ತಿನಿಂದ ನಮ್ಮ ಮನೆಯ ನಿಯಮ ಒಂದೇ: ಕೇಳುವವರಿಗೆ ಕಾರ್ಡು ಕಾಣಬಾರದು. ಆರರಿಂದ ಮತ್ತೆ ಹತ್ತಕ್ಕೆ ಏರಲು ಇನ್ನೂ ಮೂರು ತಿಂಗಳು ಹಿಡಿಯಿತು. ಆ ಎರಡನೇ ಹತ್ತು ಅವಳದೇ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಮಾತು ಬಾರದವರ ಕೈ ಹಿಡಿದು ಅಕ್ಷರಗಳ ಕಡೆ ನಡೆಸುವ ಫೆಸಿಲಿಟೇಟೆಡ್ ಕಮ್ಯುನಿಕೇಶನ್ ಎಂಬ ಪದ್ಧತಿಯೊಂದಿದೆ. ಅದನ್ನು ಕಟ್ಟುನಿಟ್ಟಿನ ಪರೀಕ್ಷೆಗೆ ಒಡ್ಡಿದಾಗ ಬರೆಯುತ್ತಿದ್ದದ್ದು ಮಗು ಅಲ್ಲ, ಕೈ ಹಿಡಿದವರು ಎಂದು ಕಂಡುಬಂದಿದೆ. ಅವರಲ್ಲಿ ಬಹಳ ಜನ ಪ್ರಾಮಾಣಿಕರು, ತಾವೇ ನಡೆಸುತ್ತಿದ್ದೇವೆ ಎಂಬ ಅರಿವು ಅವರಿಗೂ ಇರಲಿಲ್ಲ. ಅದನ್ನು ಬಳಸಬಾರದು ಎಂದು ಮೇಲೆ ಹೇಳಿದ ಅಮೆರಿಕದ ಸಂಘ 2018ರಲ್ಲಿ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ. ಗೋಡೆಗೆ ಮುಖ ಮಾಡಿ ಕೂತ ಆ ಸಂಜೆಯ ನಂತರ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮಗಳ ಮಣಿಕಟ್ಟು ಹಿಡಿಯಬೇಡಿ. ಅವಳ ಉತ್ತರ ತಪ್ಪಾದರೂ ಅವಳದೇ ಆಗಿರಲಿ.

ಇನ್ನು ಕನ್ನಡದ ಮಾತು. ನಮ್ಮ ಲಿಪಿ ಇಂಥ ಮಗುವಿಗೆ ಒಂದು ಕಡೆ ನೆರವಾಗುತ್ತದೆ, ಇನ್ನೊಂದು ಕಡೆ ಕಾಡುತ್ತದೆ. ನೆರವಾಗುವುದು ಹೀಗೆ: ನಮ್ಮ ಒಂದು ಅಕ್ಷರ ಎಂದರೆ ಬಾಯಿಯ ಒಂದು ಪೂರ್ತಿ ತುಣುಕು. ‘ಮ’ ಎಂಬುದನ್ನು ಮ್ ಮತ್ತು ಅ ಎಂದು ಸೀಳದೆಯೇ ಓದು ಶುರುವಾಗುತ್ತದೆ. ಹಾಗೆ ಸೀಳುವುದು ಯಾವ ಮಗುವಿಗೂ ಕಷ್ಟ, ಈ ಮಗುವಿಗೆ ಇನ್ನೂ ಕಷ್ಟ. ರ, ಗ, ಸ, ದ, ಅ ಎಂಬ ಐದು ಅಕ್ಷರ ಬಂದರೆ ಸರ, ಅರಸ, ಗರಗಸ ಎಲ್ಲ ಓದಬಹುದು. ಅ ಆ ಇ ಈ ಎಂದು ವರ್ಣಮಾಲೆಯ ಸಾಲು ಹಿಡಿದು ಹೋಗಿದ್ದರೆ ಮೊದಲ ಪದ ಸಿಗಲು ತಿಂಗಳುಗಳು ಬೇಕಿತ್ತು.

ಕಾಡುವುದು ಸಂಖ್ಯೆ. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತದ ಸಾಲು, ಅಲ್ಲಿಗೇ ಗುರುತಿಸಬೇಕಾದ ರೂಪಗಳು 400 ದಾಟುತ್ತವೆ. ಮೇಲೆ ಒತ್ತಕ್ಷರ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ಅಕ್ಷರಗಳ ಈ ರಾಶಿ ಪೂರ್ತಿ ಕೈವಶವಾಗಲು ನಾಲ್ಕನೇ ತರಗತಿಯಾದರೂ ಸಾಲುವುದಿಲ್ಲ, ಅಕ್ಷರದೊಳಗಿನ ಬಿಡಿ ಧ್ವನಿಗಳ ಅರಿವು ಇನ್ನೂ ನಿಧಾನ. ನನ್ನ ಮಗಳ ನಿಧಾನದಲ್ಲಿ ಒಂದು ಪಾಲು ಲಿಪಿಯದು ಎಂದು ತಿಳಿದ ಮೇಲೆ ಅವಳ ಪಕ್ಕ ಕೂರುವಾಗಿನ ನನ್ನ ಆತುರ ಕಡಿಮೆಯಾಯಿತು.

ಕಾಗುಣಿತವನ್ನು ನಾವೆಲ್ಲ ಕಲಿತದ್ದು ರಾಗವಾಗಿ. ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ. ಬಾಯಿಪಾಠವೇ ದಾರಿಯಾದರೆ ನನ್ನ ಮಗಳಿಗೆ ಆ ದಾರಿ ಇಲ್ಲ. ಆದ್ದರಿಂದ ಚಿಹ್ನೆಗಳನ್ನು ಕೈಗೆ ಕೊಟ್ಟೆವು. ದಪ್ಪ ರಟ್ಟಿನಲ್ಲಿ ಅಕ್ಷರಗಳನ್ನು ಕತ್ತರಿಸಿ, ಇಳಿ, ಗುಡಿಸು, ಕೊಂಬು, ಏತ್ವ, ದೀರ್ಘಗಳನ್ನು ಬೇರೆ ತುಂಡುಗಳಾಗಿ ಮಾಡಿ, ಬೇರೆ ಬೇರೆ ಬಣ್ಣ ಬಳಿದೆವು. ನಾನು “ಕು” ಎಂದರೆ ಅವಳು ಕ ಎತ್ತಿ ಕೊಂಬು ಜೋಡಿಸಬೇಕು. ನಾನು ‘ಕೊಂಬು ತೆಗೆ, ಇಳಿ ಹಾಕು’ ಎನ್ನುವುದಿಲ್ಲ. “ಈಗ ಇದು ಕಾ ಆಗಲಿ” ಎನ್ನುತ್ತೇನೆ. ಕೊಂಬನ್ನು ಕಿತ್ತು ಬದಿಗಿಟ್ಟು ಇಳಿಯನ್ನು ಹುಡುಕುವ ಆ ಬೆರಳುಗಳನ್ನು ನೋಡುತ್ತಿದ್ದರೆ ಒಳಗೆ ಏನು ನಡೆಯುತ್ತಿದೆ ಎಂಬುದು ಕಾಣುತ್ತದೆ.

ಆ ರಟ್ಟಿನ ತುಂಡುಗಳಿಂದಲೇ ಅವಳು ತಾನಾಗಿ ಕಟ್ಟಿದ ಮೊದಲ ಪದ ಬಂತು. ಐದೂವರೆ ವರ್ಷ. ಸ್ನಾನಕ್ಕೆ ಕರೆದೆ. ಅವಳು ನೆಲದ ಮೇಲೆ ಎರಡು ಅಕ್ಷರ ಜೋಡಿಸಿ ನನ್ನ ಕಾಲಿಗೆ ಬಡಿದು ತೋರಿಸಿದಳು: ‘ಬೆಡ’. ಬೇಡ! ಅದುವರೆಗೆ ಅವಳ ‘ಬೇಡ’ ಎಂದರೆ ಕಿರುಚಾಟ, ಮಗುಚಿ ಬೀಳುವುದು. ನಾನು ಸ್ನಾನ ಮಾಡಿಸಲಿಲ್ಲ. ಬೇಡ ಎಂದು ಬರೆದ ಮಗುವಿನ ಬೇಡಕ್ಕೆ ಆ ದಿನ ಬೆಲೆ ಕೊಡದಿದ್ದರೆ ಅವಳು ಇನ್ನೊಮ್ಮೆ ಯಾಕೆ ಬರೆಯಬೇಕು?

ದೀರ್ಘ ಬಿಟ್ಟುಹೋದದ್ದು ಯಾಕೆ ಎಂಬುದು ನನಗೆ ಆಮೇಲೆ ಹತ್ತಿದ ಚಿಂತೆ. ಅವಳ ಬಾಯಲ್ಲಿ ಹ್ರಸ್ವ ದೀರ್ಘಗಳು ಕಲಸಿಹೋಗುತ್ತವೆ. ಕಿವಿಯಲ್ಲೂ ಕಲಸಿವೆಯೇ? ಕರು, ಕಾರು, ಬಳೆ, ಬಾಳೆ ಎಂದೆಲ್ಲ ಚಿತ್ರಗಳನ್ನಿಟ್ಟು ಕೇಳಿದೆವು. ಒಂದೂ ತಪ್ಪಲಿಲ್ಲ. ಅಂದರೆ ಕೇಳುವುದು ಸರಿಯಿದೆ, ಏತ್ವಕ್ಕೆ ದೀರ್ಘ ಹಚ್ಚುವುದು ಇನ್ನೂ ಕೂತಿಲ್ಲ, ಅಷ್ಟೇ. ಒಂದು ವಾರದ ಪಾಠ. ಈ ಮಕ್ಕಳ ಪ್ರತಿ ತಪ್ಪಿನ ಮುಂದೆಯೂ ಹೀಗೆ ಮೂರು ಬಾಗಿಲು ತಟ್ಟಬೇಕು: ಕಿವಿ ತಪ್ಪಿತೇ, ಅಕ್ಷರದ ತಿಳಿವಳಿಕೆ ತಪ್ಪಿತೇ, ಬಾಯಿ ತಪ್ಪಿತೇ? ಗಟ್ಟಿಯಾಗಿ ಓದಿಸಿದರೆ ಮೂರೂ ಒಂದೇ ಸದ್ದಿನಲ್ಲಿ ಬೆರೆತು ಹೋಗುತ್ತವೆ. ‘ಮರ’ ಎಂದು ಬರೆದದ್ದನ್ನು ಅವಳು ‘ಬಲ’ ಎಂದರೆ ಯಾರು ಹೇಳಬಲ್ಲರು ಅವಳು ಓದಿದ್ದು ಏನೆಂದು?

ರಟ್ಟಿನ ಅಕ್ಷರ, ಚಿತ್ರದ ಹಲಗೆ, ಮಾತಾಡುವ ಟ್ಯಾಬ್ಲೆಟ್ ಎಲ್ಲ ಕೊಟ್ಟರೆ ಮಗು ಮಾತಾಡುವ ಪ್ರಯತ್ನವನ್ನೇ ಬಿಟ್ಟುಬಿಡುತ್ತದೆ ಎಂದು ಹೆದರಿಸಿದವರು ಬಹಳ. ಆ ಹೆದರಿಕೆಯಿಂದ ನಾವೂ ಟ್ಯಾಬ್ಲೆಟನ್ನು ಏಳೆಂಟು ತಿಂಗಳು ಮುಂದೂಡಿದೆವು. ಮಾಡಬಾರದಿತ್ತು. 2006ರಲ್ಲಿ ಮಿಲ್ಲರ್, ಲೈಟ್ ಮತ್ತು ಶ್ಲಾಸರ್ ಮಾತಿಗೆ ಬದಲಾಗಿ ಕೊಡುವ ಇಂಥ ಸಾಧನಗಳ ಬಗೆಗಿನ ಹಿಂದಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದರು. ಪುರಾವೆ ಗಟ್ಟಿಯಾಗಿದ್ದ 27 ಮಂದಿಯಲ್ಲಿ ಒಬ್ಬರದೂ ಮಾತು ಕುಗ್ಗಿರಲಿಲ್ಲ, 89 ಶೇಕಡಾ ಮಂದಿಯ ಮಾತು ಹೆಚ್ಚಿತ್ತು. ನ್ಯೂಜಿಲೆಂಡಿನಲ್ಲಿ ಅಪ್ರಾಕ್ಸಿಯಾ ಇರುವ 4ರಿಂದ 7 ವರ್ಷದ 12 ಮಕ್ಕಳಿಗೆ ಧ್ವನಿ, ಅಕ್ಷರ, ಉಚ್ಚಾರಣೆ ಮೂರನ್ನೂ ಕೂಡಿಸಿ ಕಲಿಸಿದ ಪ್ರಯೋಗವೊಂದು 2009ರಲ್ಲಿ ಪ್ರಕಟವಾಯಿತು, ಹಲವರಲ್ಲಿ ಮಾತೂ ಧ್ವನಿಯ ಅರಿವೂ ಜೊತೆಜೊತೆಗೆ ಸುಧಾರಿಸಿದವು. ನಮ್ಮ ಮನೆಯಲ್ಲೂ ಹಾಗೇ ಆಯಿತು. ಬರೆದ ಪದ ಕಣ್ಣೆದುರು ಇದ್ದರೆ ಅವಳ ಬಾಯಿಗೆ ಅದು ಹಿಡಿಗೋಲು. ಗಾಳಿಯಲ್ಲಿ ಹೇಳಿದ ‘ಪುಸ್ತಕ’ ಕ್ಷಣದಲ್ಲಿ ಮಾಯ, ಹಾಳೆಯ ಮೇಲಿನ ‘ಪುಸ್ತಕ’ ಅವಳಿಗಾಗಿ ಕಾದು ನಿಂತಿರುತ್ತದೆ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು “ಪು… ಸ… ತ… ಕ” ಎಂದು ಹೇಳಿದ ದಿನ ಒತ್ತಕ್ಷರ ಬಿಚ್ಚಿಕೊಂಡಿತ್ತು, ಪದ ಮಾತ್ರ ಅದೇ ಆಗಿತ್ತು.

ಚೀಟಿಯ ಆಟ ಶುರುವಾದದ್ದು ಪದದಿಂದ ವಾಕ್ಯಕ್ಕೆ ಹೋಗಬೇಕಾದಾಗ. ವಾಕ್ಯಕ್ಕೆ ಚಿತ್ರ ಬರೆಯುವುದು ನಮ್ಮಿಂದಾಗದ ಕೆಲಸ, ಆದ್ದರಿಂದ ಅವಳ ಮೈಯನ್ನೇ ಉತ್ತರವಾಗಿಸಿದೆವು. ‘ಎರಡು ಸಲ ಜಿಗಿ.’ ‘ಕೆಂಪು ಚೆಂಡನ್ನು ಮೇಜಿನ ಕೆಳಗೆ ಇಡು.’ ಮೇಜಿನ ಮೇಲೆ ಇಟ್ಟರೆ ಏನು ತಪ್ಪಿತೆಂದು ತಕ್ಷಣ ಗೊತ್ತಾಗುತ್ತದೆ. ಚೀಟಿಗಳು ಮಡಚಿ ಡಬ್ಬದಲ್ಲಿರುತ್ತವೆ, ಅವಳು ಯಾವುದನ್ನು ಎತ್ತಿದಳೆಂದು ನಮಗೆ ತಿಳಿಯದು. ಕೆಲಸ ಮಾಡಿ ಮುಗಿಸಿದ ಮೇಲೆ ಚೀಟಿ ಬಿಚ್ಚಿ ನೋಡುತ್ತೇವೆ. ಕನ್ನಡಕದ ಚೀಟಿ ಮಾತ್ರ ನಾನೇ ಕೈಯಾರೆ ಕೊಟ್ಟದ್ದು, ಅವಳ ನಗು ನೋಡಬೇಕೆಂದು.

ಟೀಚರಿಗೆ ಆ ದಿನ ನಾನು ಕೊನೆಗೆ ಕೊಟ್ಟದ್ದು ಈ ಡಬ್ಬವನ್ನೇ. ಒಂದು ವಾರ ಬಳಸಿ ನೋಡಿ ಎಂದೆ. ಅವರು ತಮ್ಮದೇ ಚೀಟಿಗಳನ್ನು ಬರೆದು ಸೇರಿಸಿದರು, ಇಡೀ ತರಗತಿ ಆಡಿತಂತೆ. ನಿಮಿಷಕ್ಕೆ ಎಷ್ಟು ಪದ ಗಟ್ಟಿಯಾಗಿ ಓದುತ್ತಾರೆ ಎಂದು ಎಣಿಸುವ ಪರೀಕ್ಷೆಯ ಬದಲು ಅವಳಿಗೆ ಓದಿ ಗುರುತು ಹಾಕುವ ಪ್ರಶ್ನೆಗಳು ಬಂದವು. ಇದಕ್ಕೆ ಒಂದಿಷ್ಟು ಪತ್ರ, ಒಂದಿಷ್ಟು ಓಡಾಟ ಬೇಕಾಯಿತು. ಡೈರಿಯಲ್ಲಿ ಆಮೇಲೆ ಬಂದ ಸಾಲು: ‘ಇಂದು ಗಂಟೆ ಅಡಗಿಸಿದಳು.’

ಒಂದು ಸಂಗತಿ ಬಾಕಿ. ಇಷ್ಟೆಲ್ಲ ಕೇಳಿ ಕೇಳಿ, ಅವಳ ಮಟ್ಟಿಗೆ ಪುಸ್ತಕವೆಂದರೆ ಪರೀಕ್ಷೆ ಎಂದಾಗಿಬಿಡುವ ಅಪಾಯವಿತ್ತು. ಆದ್ದರಿಂದ ರಾತ್ರಿಯ ಕತೆಯ ಹೊತ್ತನ್ನು ನಾವು ಮುಟ್ಟಲಿಲ್ಲ. ಆಗ ಕಾರ್ಡಿಲ್ಲ, ಪ್ರಶ್ನೆಯಿಲ್ಲ, ಲೆಕ್ಕವಿಲ್ಲ. ನಾನು ಓದುತ್ತೇನೆ, ಅವಳು ನನ್ನ ತೋಳಿನ ಮೇಲೆ ತಲೆಯಿಟ್ಟು ಕೇಳುತ್ತಾಳೆ.

ಈಗ ಅವಳಿಗೆ ಏಳು. ಹೋದ ವಾರ ಒಂದು ರಾತ್ರಿ ಕತೆಯ ಪುಸ್ತಕ ತೆರೆದು ಮೊದಲ ಸಾಲು ಶುರುಮಾಡಿದ್ದೆ. ಅವಳು ಎದ್ದು ಹೋಗಿ ರಟ್ಟಿನ ಅಕ್ಷರದ ಪೆಟ್ಟಿಗೆ ತಂದು ಹಾಸಿಗೆಯ ಮೇಲೆ ಸುರುವಿದಳು. ಬಹಳ ಹೊತ್ತು ಏನನ್ನೋ ಹುಡುಕಿದಳು. ಆಮೇಲೆ ಜೋಡಿಸಿ ನನ್ನ ಮೊಣಕೈ ತಟ್ಟಿದಳು. ಬಗ್ಗಿ ನೋಡಿದರೆ ‘ಅಪ್ಪ ಒದಬೇಡ’ ಎಂದಿತ್ತು. ಬೇಡದ ದೀರ್ಘ ಸರಿಯಾಗಿತ್ತು, ಅಪ್ಪನ ಒತ್ತಕ್ಷರವೂ ಸರಿಯಾಗಿತ್ತು. ಒ ಮಾತ್ರ ಓ ಆಗಬೇಕಿತ್ತು. ತಿದ್ದಲು ಕೈ ಚಾಚಿದೆ. ಅವಳು ನನ್ನ ಕೈ ತಡೆದು, ಒ ಅಕ್ಷರದ ನೆತ್ತಿಯ ಕಡೆ ಬೆರಳು ಮಾಡಿದಳು. ಅಲ್ಲಿ ಉಗುರಿನಷ್ಟು ಉದ್ದದ ಬಳಪದ ಚೂರೊಂದನ್ನು ಓರೆಯಾಗಿ ಇಟ್ಟಿದ್ದಳು. ನನಗೆ ಮಂದ ಬೆಳಕಿನಲ್ಲಿ ಕಂಡಿರಲಿಲ್ಲ. ಪೆಟ್ಟಿಗೆಯಲ್ಲಿ ಓ ಇರಲಿಲ್ಲ, ಎಲ್ಲೋ ಕಳೆದುಹೋಗಿತ್ತು.

ಪುಸ್ತಕವನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತಳು. ತುಟಿ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಪುಟ ಮಗುಚಿತು, ಇನ್ನಷ್ಟು ಹೊತ್ತಿಗೆ ಇನ್ನೊಂದು. ಪೂರ್ತಿ ಓದುತ್ತಿದ್ದಾಳೋ, ಅಲ್ಲಲ್ಲಿ ಬಿಡುತ್ತಿದ್ದಾಳೋ, ಚಿತ್ರ ನೋಡುತ್ತಿದ್ದಾಳೋ ಗೊತ್ತಾಗಲಿಲ್ಲ. ನಾನು ಕೇಳಲಿಲ್ಲ.